ಅವ್ವ ಗಂಡಿನ ಮನಿ ನೋಡಿದ್ದು

ಬೈಲಹೊಂಗಲ, ೧೨ ಜೂನ್ ೨೦೦೬, ಸೋಮವಾರ

ಅವ್ವನ ಮಾತ ತಲ್ಯಾಗಿಂದ ಹೋಗವಲ್ದು. ಅರಳು ಮರಳು ಆದವರನ್ನ ಇಟ್ಕೊಳ್ಳು ಧಾರವಾಡದ ಆಶ್ರಮ ನೋಡಾಕ ಇವತ್ತ ಆಕಿನ್ನೂ ಕರಕೊಂಡ ಹೋಗಿದ್ದೆ. ಮಗಳಿಗೆ ಗಂಡಿನ ಮನಿ ನೋಡಾಕ ಬಂದೇವಿ ಅಂತ ತಿಳಕೊಂಡ್ಲು. ಆಕಿಗೆ ನಾ ಒಬ್ಬನ ಮಗ, ಮಗಳ ಇಲ್ಲ. ಸೀದಾ ಅಡಗಿಮನಿ ಹೊಕ್ಕು ಜ್ವಾಳದ ಡಬ್ಬಿ ಮುಚ್ಚಳ ತಗದ ನೋಡಿದ್ಲು. ಕಡೀಕ ಅಲ್ಲಿಯ ಮೇಡಮ್ಮಾರ ಕೈ ಹಿಡದು, "ಮನಿ ಛಲೋ ಐತ್ರಿ, ಕೊಡ್ತೇವಿ. ಹುಡುಗಿ ಅಂಜುಬುರುಕಿ ಅದಾಳ, ಬೈಬ್ಯಾಡ್ರಿ. ಪಂಚಮಿಗೆ ತವರಿಗೆ ಕಳಸ್ರಿ" ಅಂದ್ಲು. ನನ್ನ ಕಡೆ ತಿರುಗಿ, "ಕರ್ಯಾಕ ನೀನ ಬರಬೇಕಪಾ, ಮರೀಬ್ಯಾಡ" ಅಂದ್ಲು.

ನಾ ಗೋಣ ಹಾಕಿದೆ.

ಹೊರಡೂಮುಂದ ಮೇಡಮ್ಮಾರು ನನ್ನ ಬಾಜೂಕ ಕರದು, "ಒಮ್ಮೆ ಬಿಟ್ಟ ಮ್ಯಾಲ ಹಬ್ಬಕ್ಕಂತ ಮನಿಗೆ ಒಯ್ಯಬ್ಯಾಡ್ರಿ, ತಿರಗಿ ಇಲ್ಲಿ ಹೊಂದೂದಿಲ್ಲ" ಅಂದ್ರು.

ಅದಕ್ಕೂ ಗೋಣ ಹಾಕಿದೆ.