ಖಂಡೆ ಪೂಜೆಗೆ ಕೂತ ಕಾರು

ಬಾಲಾನಗರ, ಹೈದರಾಬಾದ್
ಮಂಗಳವಾರ, 23 ಅಕ್ಟೋಬರ್ 2007

ಲಹರಿಯ ಅಪ್ಪನವರಿಗೆ,

ಪ್ರೇಮಾಳ ನಮಸ್ಕಾರಗಳು. ಆರೋಗ್ಯ ಹೇಗಿದೆ? ನಾಸಿಕದ ಕಡೆ ಆಗಲೇ ಚಳಿ ಶುರುವಾಯಿತಂತೆ. ನಾನು ಕಟ್ಟಿ ಕಳಿಸಿದ ಸ್ವೆಟರು ಪೆಟ್ಟಿಗೆಯಿಂದ ಹೊರಗೆ ಬಂದಿದೆಯೋ, ಇಲ್ಲ ಅಲ್ಲೇ ನಿದ್ದೆ ಮಾಡುತ್ತಿದೆಯೋ? ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಮೆಸ್ಸಿನವರು ಉಪ್ಪಿನಕಾಯಿ ಬಡಿಸಿದರೆಂದು ಎಲ್ಲವನ್ನೂ ತಿನ್ನಲೇಬೇಕೆಂದೇನೂ ಇಲ್ಲ. ಇಲ್ಲಿ ನಾವು ಮೂವರೂ ಇದ್ದೇವೆ. ‘ಚೆನ್ನಾಗಿದ್ದೇವೆ’ ಎಂದು ಬರೆಯಹೊರಟೆ, ಆದರೆ ಅಷ್ಟು ದೊಡ್ಡ ಸುಳ್ಳು ಹೇಳುವ ತ್ರಾಣ ನನಗೀಗ ಇಲ್ಲ. ಅತ್ತೆಯವರಿಗೆ ಮೊಣಕಾಲು ನೋವು, ನನಗೆ ಭುಜ ಎತ್ತಲಾಗುತ್ತಿಲ್ಲ, ನಿಮ್ಮ ಮಗಳಿಗೆ ಊಟ ಸೇರುತ್ತಿಲ್ಲ. ಮನೆಯಲ್ಲಿ ಗಟ್ಟಿಮುಟ್ಟಾಗಿರುವುದು ನೀವು ಹೋಗುವಾಗ ರಿಪೇರಿ ಮಾಡಿಟ್ಟ ಮಿಕ್ಸಿ ಒಂದೇ.

ಫೋನಿರುವಾಗ ಕಾಗದವೇಕೆ ಎಂದುಕೊಳ್ಳುತ್ತೀರಿ. ನಿಮ್ಮ ಅಮ್ಮನ ಅಪ್ಪಣೆ, ಅದೂ ನಾಳೆಯ ಕೊರಿಯರಿಗೇ ಹೋಗಬೇಕಂತೆ. “ಫೋನಿನ್ಯಾಗ ಅಂವ ಹ್ಞೂಂ ಅಂತಾನ, ಇಡತಾನ. ಬರದ ಕಳಸು. ಬರದದ್ದು ಓದಾಕಬೇಕಲ್ಲ” ಎಂದು ಎದುರಿನ ಮಂಚದ ಮೇಲೆ ಕೂತಿದ್ದಾರೆ. ಓದು ಬಾರದಿದ್ದರೂ ನಾನು ಪೆನ್ನು ನಿಲ್ಲಿಸಿದರೆ ಸಾಕು, “ಆತೇನು? ಇಷ್ಟ ಏನು?” ಎಂದು ಕೇಳುತ್ತಾರೆ. ಅವರು ಬರೆಸಿದ ಮಾತು ಇಷ್ಟೇ: ನೀವು ಈ ಶುಕ್ರವಾರದೊಳಗೆ ಬಂದು, ಆಯುಧ ಪೂಜೆಗೆ ಇಟ್ಟ ಮನೆಯ ಖಂಡೆ ಎತ್ತಬೇಕು. ನೀವು ಬರುವವರೆಗೆ ಲಹರಿಯ ರೇಸ್ ಕಾರು ದೇವರ ಮುಂದಿನಿಂದ ಕದಲುವುದಿಲ್ಲ. ಕಾರು ಆಫೀಸು ಸೇರದಿದ್ದರೆ ಅವಳಿಗೆ ಸಿಗಬೇಕಾದ ಕೆಲಸ ಕೈತಪ್ಪುತ್ತದೆ. ಫೋನಿನಲ್ಲಿ ಇದನ್ನು ಹೇಳಹೊರಟಾಗ ನೀವು “ಯಾವ ಕಾರು? ಯಾರು ಕೊಂಡರು?” ಎಂದಿರಿ, ಅಷ್ಟರಲ್ಲಿ ಅಲ್ಲಿ ಯಾರೋ ಕರೆದರು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಸಮಾಧಾನದಿಂದ ಓದಿ.

ಲಹರಿ ಬೇಸಿಗೆಯಿಂದ ಬೆಂಚಿನ ಮೇಲೆ ಇರುವುದು ನಿಮಗೆ ಗೊತ್ತು. ಹಳೆಯ ಪ್ರಾಜೆಕ್ಟ್ ಮುಗಿದು ಹೊಸದು ಸಿಗದವರನ್ನು ಸಂಬಳ ಕೊಟ್ಟು ಸುಮ್ಮನೆ ಕೂರಿಸುವುದಕ್ಕೆ ಅವಳ ಸಾಫ್ಟ್‌ವೇರ್ ಕಂಪನಿಯವರು ಹಾಗೆನ್ನುತ್ತಾರೆ. ಕಾಲೊನಿಯ ನಮ್ಮ ಕಡೆಯ ಹೆಂಗಸರೆಲ್ಲ ನನ್ನನ್ನು ನೋಡಿ, “ನಿಮ್ಮ ಮಗಳದ್ದು ಆರಾಮ ಬಿಡ್ರಿ, ಏಸಿ ಒಳಗ ಕುಂತ ಪಗಾರ” ಎನ್ನುತ್ತಾರೆ. ಅವಳು ಬೆಳಿಗ್ಗೆ ಕ್ಯಾಬು ಹತ್ತಿ ಮಾಧಾಪುರಕ್ಕೆ ಹೋಗುತ್ತಾಳೆ, ಸಂಜೆ ಬಂದು ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಬೀಳುತ್ತಾಳೆ. ದುಡಿದು ದಣಿದು ಬಂದವರನ್ನು ಈ ಮನೆಯಲ್ಲಿ ಮೂವತ್ತು ವರ್ಷ ನೋಡಿದ್ದೇನೆ. ಕೆಲಸವಿಲ್ಲದೆ ಹೀಗೆ ದಣಿಯುವುದನ್ನು ಈಗಲೇ ನೋಡುತ್ತಿರುವುದು. ಮೊದಮೊದಲು ಬೈದೆ. ಆಮೇಲೆ ಬೈಯಲೂ ಬೇಸರವಾಯಿತು.

ಹಬ್ಬಕ್ಕೆ ಒಂದು ತಿಂಗಳಿರುವಾಗ ಅವಳ ಮ್ಯಾನೇಜರ್ ಅರವಿಂದ್ ಒಂದು ಡಬ್ಬಿ ಕೊಟ್ಟ. ಐದು ಕಿಲೋ ಅಕ್ಕಿಯ ಚೀಲದಷ್ಟು ಭಾರ. ಒಳಗೆ ಮಕ್ಕಳು ಜೋಡಿಸಿ ಆಡುವಂಥ ಪ್ಲಾಸ್ಟಿಕ್ ಇಟ್ಟಿಗೆಗಳು, ಸಾವಿರಾರು, ಕೆಲವು ತೊಗರಿಬೇಳೆಯಷ್ಟು ಸಣ್ಣವು. ಅವನ್ನು ಜೋಡಿಸಿದರೆ ಒಂದು ರೇಸ್ ಕಾರು ಆಗುತ್ತದಂತೆ. ಹೊರದೇಶದಲ್ಲಿ ರೇಸ್ ಕಾರಿನ ಬಿಡಿಭಾಗ ಮಾಡುವ ಕಂಪನಿಯವರು ಈ ತಿಂಗಳ ಕೊನೆಗೆ ಇವರ ಆಫೀಸಿಗೆ ಬರುತ್ತಾರೆ. ಅವರು ಬಾಗಿಲು ದಾಟುತ್ತಲೇ ಕಾಣುವಂತೆ ಗಾಜಿನ ಪೆಟ್ಟಿಗೆಯಲ್ಲಿ ಈ ಕಾರು ಇರಬೇಕು. “ಚೆನ್ನಾಗಿ ಮಾಡಿದರೆ ಅವರ ಪ್ರಾಜೆಕ್ಟಿಗೆ ನಿನ್ನ ಹೆಸರೇ ಹೇಳುತ್ತೇನೆ” ಎಂದಿದ್ದಾನೆ. ಆಫೀಸಿನಲ್ಲಿ ಕೂತು ಜೋಡಿಸಿದರೆ ಹೋಗಿಬರುವವರೆಲ್ಲ ನಿಂತು ನಗುತ್ತಾರೆಂದು ಡಬ್ಬಿಯನ್ನು ಮನೆಗೆ ತಂದಳು. ಎಂಜಿನಿಯರಿಂಗ್ ಓದಿದ ಮಗಳು ಆಟಿಕೆಯ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿ ಬಂದಾಗ ಯಾರೂ ನೋಡದಿರಲೆಂದು ಬೇಗ ಬಾಗಿಲು ಹಾಕಿಕೊಂಡೆ.

ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ಡಬ್ಬಿ ಬಂದ ಮೇಲೆ ಮನೆಯಲ್ಲಿ ಮಾತು ಶುರುವಾಯಿತು. ಜೊತೆಗೆ ಬಂದ ಪುಸ್ತಕದಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಹೀಗಾಗಿ ಅತ್ತೆಯವರೂ ನಮ್ಮ ಸಮಕ್ಕೆ ಕೂತರು. ಮೊರ ತರಿಸಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಬಿಳಿಯದನ್ನು ಒಂದು ಕಡೆ, ನೀಲಿಯದನ್ನು ಒಂದು ಕಡೆ ಆರಿಸಿ ಕೊಡುತ್ತಿದ್ದರು. ಲಹರಿ ಜೋಡಿಸುತ್ತಿದ್ದಳು. ನಾನು ಒಲೆಯ ಮೇಲಿನ ಸಾರನ್ನೂ ಇವರಿಬ್ಬರ ಜಗಳವನ್ನೂ ಒಟ್ಟಿಗೇ ನೋಡಿಕೊಳ್ಳುತ್ತಿದ್ದೆ. ಒಂದು ಸಂಜೆ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ತಿರುಗಿತು. ಎಲ್ಲೋ ತಳದಲ್ಲಿ ಒಂದು ಹಲ್ಲುಚಕ್ರ ತಲೆಕೆಳಗಾಗಿ ಕೂತಿತ್ತು. ಅರ್ಧ ಕಾರು ಬಿಚ್ಚಬೇಕಾಯಿತು. ಲಹರಿ ತಲೆಯ ಮೇಲೆ ಕೈಹೊತ್ತು ಕೂತಳು. ಅಂಥ ಹೊತ್ತಿನಲ್ಲಿ ನೀವಿದ್ದಿದ್ದರೆ ಟಾರ್ಚು ಹಿಡಿದು, ಕನ್ನಡಕ ಹಣೆಗೇರಿಸಿ, ಬೈದುಕೊಳ್ಳುತ್ತಲೇ ಸರಿಮಾಡುತ್ತಿದ್ದಿರಿ. ನೀವಿರಲಿಲ್ಲ, ನಾವೇ ಮಾಡಿಕೊಂಡೆವು.

ಮುಗಿದ ಕಾರು ನನ್ನ ತೋಳಿನಷ್ಟು ಉದ್ದ ಇತ್ತು. ಬಿಳಿ ಮೈ, ನೀಲಿ ಪಟ್ಟೆ, ನಿಜವಾದ ರಬ್ಬರಿನ ಚಕ್ರ, ಹಿಂದೆ ಅಗಲವಾದ ರೆಕ್ಕೆ. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, “ಗಾಡಿ ಚಲೋ ಐತಿ. ಆದರ ಒಂದ ಸೀಟು ಯಾಕ ಇಟ್ಟಾರವಾ? ಹೆಣ್ತಿ ಎಲ್ಲಿ ಕುಂದ್ರಬೇಕು?” ಎಂದರು. ಲಹರಿ ಎಷ್ಟೋ ದಿನಗಳ ಮೇಲೆ ಬಾಯಿತುಂಬ ನಕ್ಕಳು. ನಾನೂ ನಕ್ಕೆ. ನೀವೊಬ್ಬರೇ ಸಿಕಂದರಾಬಾದಿನಲ್ಲಿ ದೇವಗಿರಿ ಎಕ್ಸ್‌ಪ್ರೆಸ್ ಹತ್ತಿದ್ದು ನೆನಪಾಗಿ ನಗು ಅಲ್ಲಿಗೇ ನಿಂತಿತು.

ಇನ್ನು ಖಂಡೆಯ ಕಥೆ. ಶನಿವಾರ ಮಹಾನವಮಿ. ಪ್ರತಿ ವರ್ಷ ನಮ್ಮ ಮನೆಯ ಖಂಡೆ ಎಂದರೆ ನಿಮ್ಮ ಸ್ಪ್ಯಾನರು, ಇಕ್ಕಳಗಳ ಹತ್ಯಾರದ ಪೆಟ್ಟಿಗೆ. ಈ ಸಲ ಅದು ನಿಮ್ಮ ಜೊತೆ ನಾಸಿಕದಲ್ಲಿದೆ. ಹಬ್ಬಕ್ಕೆ ಬರುತ್ತೇನೆ, ಪೆಟ್ಟಿಗೆಯನ್ನೂ ತರುತ್ತೇನೆ ಎಂದಿದ್ದಿರಿ. ಅತ್ತೆ ಶುಕ್ರವಾರದಿಂದಲೇ ಗೇಟಿನ ಕಡೆ ಕಿವಿ ಕೊಟ್ಟು ಕೂತಿದ್ದರು. ಶನಿವಾರ ಬೆಳಿಗ್ಗೆ “ರಜೆ ಮಂಜೂರಾಗಲಿಲ್ಲ” ಎಂದು ನಿಮ್ಮ ಫೋನು ಬಂತು. ಅತ್ತೆ ಗೇಟಿಗೆ ಬೆನ್ನು ಹಾಕಿ ಕೂತರು. ನಾನು ಘಟದ ಮುಂದೆ ಈಳಿಗೆ, ಕತ್ತರಿ, ಸುತ್ತಿಗೆ ಇಟ್ಟು ಕಾಯಿ ತರಲು ಒಳಗೆ ಹೋದೆ. ಬಂದು ನೋಡಿದರೆ, ನೆಟ್ಟಗೆ ನಿಲ್ಲಲಾಗದ ಆ ಮುದುಕಿ ಎರಡೂ ಕೈಗಳಿಂದ ಕಾರನ್ನು ಅಪ್ಪಿಕೊಂಡು ತಂದು ನಟ್ಟನಡುವೆ ಇಟ್ಟಿದ್ದಾರೆ. ಮೂತಿಗೆ ಮೂರು ಬೆರಳು ವಿಭೂತಿ, ರೆಕ್ಕೆಗೆ ಕುಂಕುಮ, ಕೊರಳಿಗೆ ಎಂದುಕೊಂಡು ಸ್ಟಿಯರಿಂಗಿಗೆ ಚೆಂಡುಹೂವಿನ ಸರ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. “ಕೈಲೆ ಮಾಡಿದ್ದು ಖಂಡೆ. ಈ ವರ್ಷ ಮನ್ಯಾಗ ಕೈಲೆ ಮಾಡಿದ್ದು ಇದೊಂದ” ಎಂದರು. ತಲೆಗೆ ನೀರು ಹಾಕಿಕೊಂಡು ಬಂದ ಲಹರಿ ನೋಡಿ, “ಅಜ್ಜೀ, ಏನ ಮಾಡೀರಿ ಇದು! ಬಿಳೀ ಮ್ಯಾಲಿನ ಕುಂಕುಮ ಹೋಗೂದಿಲ್ಲ!” ಎಂದು ಕಿರುಚಿದಳು. ಆದರೂ ಆರತಿ ಹಿಡಿದಳು. ಮರುದಿನ ಎತ್ತಿದರಾಯಿತಲ್ಲ ಎಂದು ನಾನೂ ಕಾಯಿ ಒಡೆದೆ.

ಮರುದಿನವೇ ಬಂತು ನೋಡಿ ಗಂಟು. ನಿಮ್ಮ ಮನೆತನದಲ್ಲಿ ಖಂಡೆ ಎತ್ತುವುದು ಮನೆಯ ಗಂಡಸು, ಮೊದಲು ಅವನು ಎತ್ತಿ ಹಣೆಗೊತ್ತಿಕೊಂಡ ಮೇಲೆಯೇ ಉಳಿದವರು ಮುಟ್ಟಬೇಕು. ದಶಮಿಯ ದಿನ ಘಟ ಎತ್ತಿದ್ದಾಯಿತು, ಅದರ ಸಸಿ ಹಂಚಿದ್ದಾಯಿತು, ಬನ್ನಿ ಕೊಟ್ಟದ್ದಾಯಿತು. ಖಂಡೆಗೆ ಕೈ ಹಾಕಹೋದರೆ ಅತ್ತೆ, “ಮುಟ್ಟಬ್ಯಾಡ್ರಿ. ನನ್ನ ಮಗ ಬಂದ ಎತ್ತತಾನ” ಎಂದರು. ಪಕ್ಕದ ಮನೆಯ ವಾಸುದೇವ ಬಂದು, “ಅಮ್ಮಾರ, ಹುಡುಗಿ ಕೆಲಸದ ವಿಷಯ ಐತಿ, ನಾ ಎತ್ತತೀನ್ರಿ” ಎಂದ. “ನಿಮ್ಮನಿ ಖಂಡೆ ನೀ ಎತ್ತಪಾ” ಎಂದು ಅವನನ್ನು ಹಾಗೇ ಕಳಿಸಿದರು. ಅರವಿಂದ್ ನಿನ್ನೆಯಿಂದ ಲಹರಿಗೆ ಫೋನು ಮಾಡುತ್ತಲೇ ಇದ್ದಾನೆ. ಗಾಜಿನ ಪೆಟ್ಟಿಗೆ ಸಿದ್ಧವಾಗಿದೆ, ಸೋಮವಾರ ಅತಿಥಿಗಳು ಬರುತ್ತಾರೆ, ಶುಕ್ರವಾರ ಕಾರು ಅಲ್ಲಿರಲೇಬೇಕು. ‘ಆಯುಧ ಪೂಜೆಗೆ ಇಟ್ಟಿದ್ದೇವೆ, ಎತ್ತಲು ಅಪ್ಪ ಬರಬೇಕು’ ಎಂದು ಅವನಿಗೆ ಹೇಗೆ ಹೇಳುತ್ತಾಳೆ? “ಸ್ವಲ್ಪ ಫಿನಿಶಿಂಗ್ ಬಾಕಿ ಇದೆ ಸರ್” ಎನ್ನುತ್ತಿದ್ದಾಳೆ.

ಕಾರಿನ ಜೊತೆ ಈಳಿಗೆಯೂ ಅಲ್ಲೇ ಕೂತಿದೆ, ಕತ್ತರಿಯೂ ಅಲ್ಲೇ. ಹೀಗಾಗಿ ಹಬ್ಬದಿಂದ ಈಚೆಗೆ ನಮ್ಮ ಮನೆಯಲ್ಲಿ ಕೈಯಲ್ಲಿ ಮುರಿಯುವಂಥ ತರಕಾರಿಯೇ ಅಡಿಗೆ. ಹುರುಳಿಕಾಯಿ, ಮೆಂತ್ಯದ ಸೊಪ್ಪು, ಮತ್ತೆ ಹುರುಳಿಕಾಯಿ. ಇಂದು ವಾಸುದೇವನ ಹೆಂಡತಿ ವಿಶಾಲಾಕ್ಷಿ ಮರುಕಪಟ್ಟು ಹೆಚ್ಚಿದ ಬದನೆಕಾಯಿ ತಂದುಕೊಟ್ಟಳು. ನಗಬೇಡಿ. ಅಲ್ಲಿ ನೀವು ಬಡಿಸಿದ ತಟ್ಟೆಯ ಮುಂದೆ ಕೂರುತ್ತೀರಿ, ನೀರಿನ ಲಾರಿ ಬಂತೇ ಎಂದು ಓಡುವುದಿಲ್ಲ, ಅಮ್ಮನ ಗುಳಿಗೆ ಮುಗಿಯಿತೇ ಎಂದು ನೋಡುವುದಿಲ್ಲ. ಆರು ತಿಂಗಳ ಡೆಪ್ಯುಟೇಶನ್ ಎಂದು ಅಲ್ಲಿಯ ಕಾರ್ಖಾನೆಗೆ ಹೋದವರು. ಆಮೇಲೆ ಇನ್ನಾರು ತಿಂಗಳು. ಈಗ ಮತ್ತೊಂದು ವರ್ಷಕ್ಕೆ ಕೇಳಿದ್ದಾರೆ, ಒಪ್ಪಲೋ ಬೇಡವೋ ತಿಳಿಸು ಎಂದು ನನ್ನ ಮೇಲೆ ಹಾಕಿದ್ದೀರಿ. ಒಪ್ಪಬೇಡಿ ಎಂದರೆ ನಾನು ನಿಮ್ಮ ಕೆಲಸಕ್ಕೆ ಅಡ್ಡ ಬಂದವಳು. ಒಪ್ಪಿ ಎಂದರೆ ನೀವಿಲ್ಲದೆಯೂ ನಡೆಯುತ್ತದೆ ಎಂದಂತೆ. ನನಗೆ ಸಾಕಾಗಿದೆ, ಅಷ್ಟು ಮಾತ್ರ ಗೊತ್ತು.

ಅತ್ತೆಯವರ ಹಟದ ಒಳಗುಟ್ಟು ನನಗೆ ತಿಳಿಯದ್ದೇನಲ್ಲ, ನಿಮಗೂ ತಿಳಿದೀತು. ಮೊಮ್ಮಗಳ ಕೆಲಸವೆಂದರೆ ಮಗ ಓಡಿಬಂದೇ ಬರುತ್ತಾನೆ ಎಂದು ಕಾರನ್ನು ಹಿಡಿದಿಟ್ಟುಕೊಂಡು ಕೂತಿದ್ದಾರೆ. ನಿನ್ನೆ ಲಹರಿ ಅಡಿಗೆಮನೆಗೆ ಬಂದು, “ಅಪ್ಪ ಬರೂದಿಲ್ಲಮ್ಮ. ಅಜ್ಜಿಗೆ ಹೇಳಾಕ ಆಗವಲ್ದು. ನೀನರ ಯಾಕ ಕಾಯಾಕತ್ತಿ?” ಎಂದಳು. ನಾನು ಇನ್ನೊಂದು ಹಿಡಿ ಹುರುಳಿಕಾಯಿ ಮುರಿದೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಹೇಳಿದ ದನಿ ಬೈದಂತಿತ್ತು, ಆಶೀರ್ವಾದವೆಂದೇ ತಿಳಿದುಕೊಳ್ಳಿ. ಲಹರಿಯ ನಮಸ್ಕಾರ. ವಾಸುದೇವ ದಂಪತಿ ಕೇಳಿದ್ದಾರೆ. ದೇವರು ನಿಮ್ಮನ್ನು ಅಲ್ಲಿ ನೆಟ್ಟಗಿಟ್ಟಿರಲಿ.

ಇಂತಿ,
ಪ್ರೇಮಾ

ತಾ.ಕ.: ಬುಧವಾರ, ಮಧ್ಯಾಹ್ನ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಬೆಳಿಗ್ಗೆ ಸ್ನಾನ ಮಾಡಿ, ದೇವಿಗೆ ಕೈಮುಗಿದು, ಖಂಡೆಯನ್ನು ನಾನೇ ಎತ್ತಿದೆ. ಮೊದಲು ಈಳಿಗೆ, ಆಮೇಲೆ ಕತ್ತರಿ, ಸುತ್ತಿಗೆ. ಕಾರಿಗೆ ಕೈ ಹಾಕಿದಾಗ ಅತ್ತೆ ಮಂಚದ ಮೇಲೆ ಎದ್ದು ಕೂತು ನೋಡುತ್ತಿದ್ದರು. ಕೂಗುತ್ತಾರೆಂದುಕೊಂಡೆ. ಆದರೆ ಅವರು, “ಸಾವಕಾಶ. ಬಾಗಲಕ್ಕ ರೆಕ್ಕಿ ಬಡದೀತು” ಎಂದರು. ನಾನೂ ಲಹರಿಯೂ ಹಿಡಿದು ಅವಳ ಕ್ಯಾಬಿನಲ್ಲಿ ಇಟ್ಟೆವು. ಈಗ ತಾನೇ ಅವಳ ಫೋನು ಬಂತು. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದಾರಂತೆ, ಎಲ್ಲರೂ ನಿಂತು ನೋಡುತ್ತಿದ್ದಾರಂತೆ. ಪ್ರಾಜೆಕ್ಟಿನ ಮಾತು ಇನ್ನೂ ಇಲ್ಲ. ಕಾಗದ ಹರಿದುಹಾಕು ಎಂದು ಅತ್ತೆ ಹೇಳಿದರು. “ಅಂವಗ ಇನ್ನ ಏನ ಹೇಳಿ ಕರೀತಿ?” ಎಂದು ಅತ್ತರು. ನಾನು ಹರಿದುಹಾಕುತ್ತಿಲ್ಲ. ಮೇಲಿನ ಕರೆ ಅವರು ಬರೆಸಿದ್ದು, ಇದು ನನ್ನದು. ನೀವು ಬಂದು ಎತ್ತಬೇಕಾದದ್ದು, ಸರಿಮಾಡಬೇಕಾದದ್ದು ಈ ಮನೆಯಲ್ಲಿ ಈಗ ಏನೂ ಉಳಿದಿಲ್ಲ. ಒಂದು ವರ್ಷದ ಆ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಸಲ, ಯಾವ ಕೆಲಸವೂ ಇಲ್ಲದೆ, ಬರೀ ನನ್ನನ್ನು ನೋಡಲು ಬರುತ್ತೀರಾ?