ದೈತ್ಯನ ಕೊನೆಯ ಮಾತು

ಜೂನ್ 4, ಬೆಳಿಗ್ಗೆ

ಸಿಟ್ಟು ಬಂದರೆ ಕೂಗಾಡಬೇಡಿ, ಬರೆಯಿರಿ ಅಂದಿದ್ದಾರೆ ಗಂಟಲಿನ ಡಾಕ್ಟರು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಬರೆಯಲು ಕೂತರೇ ಸಿಟ್ಟು ಬರುತ್ತದೆ — ಅದನ್ನೆಲ್ಲಿ ಬರೆಯಲಿ?

ಇವತ್ತು ಡಬ್ಬಿಂಗ್ ಶುರು. ಮೊಮ್ಮಗಳು ಡೈರೆಕ್ಟ್ ಮಾಡಿದ ಮೊದಲ ಸಿನಿಮಾ. ದೈತ್ಯನಿಗೆ ನನ್ನ ದನಿ. ನೀರಿನ ಬುಗ್ಗೆಗೆ ಅಡ್ಡ ಕೂತ ದೈತ್ಯ, ಅವನನ್ನು ಕೊಲ್ಲುವ ರಾಜಕುಮಾರ — ನಾನೇ ಅವಳಿಗೆ ಹೇಳಿದ ಹಳೇ ಕಥೆ. ಅದರಲ್ಲಿ ದೈತ್ಯ ಗರ್ಜಿಸುತ್ತಾನೆ, ಸಾಯುತ್ತಾನೆ. ಅಷ್ಟೇ. ಇವಳು ಸಾಯುವವನ ಬಾಯಿಗೆ ಮಾತು ತುರುಕಿದ್ದಾಳೆ. ಚಿಕ್ಕವಳಿದ್ದಾಗ ಬಿಡದೆ ಓದುತ್ತಿದ್ದ ಡ್ರ್ಯಾಗನ್ ಪುಸ್ತಕದಿಂದ ಹೊಳೆದದ್ದಂತೆ. ಆ ಡ್ರ್ಯಾಗನ್ ಕೆಟ್ಟದ್ದಲ್ಲವಂತೆ; ಬಾಗಿಲು ಕಾಯಲು ನಿಲ್ಲಿಸಿ ಹೋದವರು ಅದನ್ನು ಮರೆತೇಬಿಟ್ಟರಂತೆ. ಎಲ್ಲಿಯ ಡ್ರ್ಯಾಗನ್, ಎಲ್ಲಿಯ ನಮ್ಮ ದೈತ್ಯ. ಬೈದೆ.

"ಒಂದ್ಸಲ ಹೇಳ್ನೋಡು ತಾತ, ಆಮೇಲೆ ಬಯ್ಯಿ" ಅಂದಳು.

ಜೂನ್ 5

ಹೇಳಿದೆ.

"ಕಾಯುತ್ತಿರು ಎಂದು ನಿಲ್ಲಿಸಿ ಹೋದರು. ಸಾಕು ಬಾ ಎನ್ನಲು ಯಾರೂ ಬರಲಿಲ್ಲ."

ಎರಡನೇ ಟೇಕಿನಲ್ಲಿ ಕೊನೆಯವರೆಗೆ ಹೋಗಲಾಗಲಿಲ್ಲ. ಕೆಮ್ಮಿದ ಹಾಗೆ ಮಾಡಿದೆ. ಇಷ್ಟು ವರ್ಷ ಎಷ್ಟು ರಾಕ್ಷಸರ ದನಿಯಾಗಿ ಅರಚಿದ್ದೇನೋ… ಒಬ್ಬನಾದರೂ ತನ್ನ ಮಾತು ಆಡಿ ಸತ್ತಿರಲಿಲ್ಲ.

ಜೂನ್ 9

ಪ್ರೊಡ್ಯೂಸರ್ ನೋಡಿದ. ದೈತ್ಯ ಹೀಗೆ ಮಾತಾಡಿದರೆ ಹೀರೋ ಕೊಲೆಗಾರನ ಹಾಗೆ ಕಾಣುತ್ತಾನಂತೆ, ಜನ ಎದ್ದು ಹೋಗುತ್ತಾರಂತೆ. ಮಾತು ಕಿತ್ತು ಬರೀ ಸಾವಿನ ಕೂಗು ಹಾಕಬೇಕು. ಒಪ್ಪದಿದ್ದರೆ ಡೈರೆಕ್ಟರ್ ಬದಲು. ಮೊಮ್ಮಗಳು ಊಟ ಮುಟ್ಟಿಲ್ಲ.

ಕೂಗು ಇನ್ನೂ ರೆಕಾರ್ಡ್ ಆಗಿಲ್ಲ. ಗಂಟಲು ಹರಿಯುವ ಕೆಲಸ, ಡಬ್ಬಿಂಗಿನಲ್ಲಿ ಯಾವಾಗಲೂ ಕೊನೆಗೇ ಇಟ್ಟುಕೊಳ್ಳುವುದು. ಒಳ್ಳೆಯದೇ ಆಯಿತು; ನನ್ನ ಕೂಗು ಸಿಗದೆ ಅವನು ಮಾತು ಕೀಳುವ ಹಾಗಿಲ್ಲ.

ಜೂನ್ 10, ಮಧ್ಯಾಹ್ನ

ಮೈಕಿನ ಮುಂದೆ ನಿಂತೆ. ಬಾಯಿ ಬಿಡಲಿಲ್ಲ. ಪ್ರೊಡ್ಯೂಸರ್ ಓಡಿ ಬಂದ.

"ಒಂದು ಕೂಗು ತಾನೇ ಯಜಮಾನ್ರೇ? ಬೇರೆಯವ್ರ ಹತ್ರ ಕೂಗಿಸ್ತೀನಿ."

"ಕೂಗ್ಸಿ. ಬದುಕಿರೋ ತನಕ ನನ್ನ ದನಿ, ಸಾಯೋವಾಗ ಪಕ್ಕದ್ಮನೆಯವನ್ದು. ಜನ ನಗ್ತಾರೆ."

ಸೌಂಡ್ ಇಂಜಿನಿಯರ್ ತಲೆ ತಗ್ಗಿಸಿ ನಕ್ಕ. ಮೊಮ್ಮಗಳು ನಗಲಿಲ್ಲ. ಹೊರಗೆ ಎಳೆದುಕೊಂಡು ಬಂದಳು.

"ಹಟ ಬೇಡ ತಾತ. ನನ್ನನ್ನೇ ತೆಗೆದು ಹಾಕ್ತಾರೆ."

"ಆ ಮಾತು ನಿಂಗೆ ಬೇಕೋ ಬೇಡ್ವೋ?"

ಆಟೋ ಹತ್ತಿ ಮನೆಗೆ ಹೋದಳು.

ಜೂನ್ 11

ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಪ್ರೊಡ್ಯೂಸರನ ಫೋನ್ ಬರುತ್ತಲೇ ಇದೆ. ನಾಳೆ ಕಳೆದರೆ ಸ್ಟುಡಿಯೋ ಇನ್ನೊಬ್ಬರಿಗೆ ಬುಕ್ ಆಗಿದೆಯಂತೆ. ಅವಳ ಬಾಗಿಲ ಹೊರಗೆ ನಿಂತೇ ಹೇಳಿ ಬಂದೆ. ಸಿನಿಮಾ ಅವಳದು, ಗಂಟಲು ನನ್ನದು. ಆ ಮಾತು ಬೇಡ ಅಂದರೆ ಹೋಗಿ ಕೂಗಿ ಬರುತ್ತೇನೆ. ಬೇಕು ಅಂದರೆ ಯಾರು ಬಂದರೂ ಬಾಯಿಗೆ ಬೀಗ. ಪ್ರೊಡ್ಯೂಸರನಿಗೆ ಹೆದರಿ ಸುಮ್ಮನೆ ಕೂತರೆ ಮಾತ್ರ ನಾನು ಒಪ್ಪುವವನಲ್ಲ. ಹನ್ನೆರಡನೇ ತಾರೀಖು, ಮಧ್ಯಾಹ್ನದ ಊಟದೊಳಗೆ ಉತ್ತರ ಬೇಕು. ಬೇಕೋ, ಬೇಡವೋ — ಅವಳೇ ಹೇಳಲಿ.