ನಿಂಬೆಹಣ್ಣಿಗೆ ನಿಂತ ಅಂಬಾಸಿಡರ್

ಚಿತ್ರದುರ್ಗ
ಫೆಬ್ರವರಿ 30, 2187

ನಮಗಿಂತ ಮೊದಲು ಬದುಕಿದ ನಿಮಗೆ ತಿಪ್ಪಕ್ಕನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟುಮಾಡಿ ರಜೆ ಕೊಟ್ಟಿದ್ದಾರೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕಂಡಾವು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈ ಕಾಗದ ನಿಮಗೆ ಬರುವುದು ಹಿಂದಂಚೆಯಲ್ಲಿ, ಅಂದರೆ ಮುಂದಿನವರು ಹಿಂದಿನವರಿಗೆ ಬರೆಯಲೆಂದು ಇಟ್ಟಿರುವ ಅಂಚೆಯಲ್ಲಿ. ಮನೆಗೊಂದೇ ಕಾಗದ, ಉತ್ತರ ಬರುವುದಿಲ್ಲ. ಬರೆದದ್ದರಿಂದ ಆಗಿಹೋದದ್ದು ಬದಲಾಗುವುದಿಲ್ಲ ಎಂದು ಅಂಚೆಮನೆಯ ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಅದನ್ನು ಓದಿಯೂ ಬರೆಯುತ್ತಿದ್ದೇನೆ, ಬೇರೆ ಏನು ಮಾಡಬೇಕೆಂದು ತೋಚುತ್ತಿಲ್ಲ.

ನಮ್ಮಲ್ಲಿ ಯಾರಿಗೂ ಸ್ವಂತ ಗಾಡಿ ಇಲ್ಲ. ಇರುವುದು ಹರಿಬಂಡಿ. ಮನೆಯ ಮುಂದೆ ನಿಂತು ಎಲ್ಲಿಗೆ ಎಂದು ಹೇಳಿದರೆ ಸಾಕು, ಒಂದು ಪೆಟ್ಟಿಗೆಯಂಥದ್ದು ನೆಲಕ್ಕೆ ಅಂಟಿಕೊಂಡು ಬಂದು ಬಾಗಿಲು ತೆಗೆಯುತ್ತದೆ. ಅದಕ್ಕೆ ಮುಂದು ಹಿಂದು ಗೊತ್ತಾಗುವುದಿಲ್ಲ, ಚಕ್ರ ಕಣ್ಣಿಗೆ ಬೀಳುವುದಿಲ್ಲ, ಸದ್ದೂ ಇಲ್ಲ. ಕೂತರೆ ಸಾಸಿವೆಯಷ್ಟೂ ಕುಲುಕುವುದಿಲ್ಲ. ದಾರಿಯಲ್ಲಿ ಯಾರೋ ಗುರುತಿನವರು ಕಂಡರೂ ನಿಲ್ಲಿಸು ಎನ್ನುವಂತಿಲ್ಲ. ನಿಲ್ಲುವ ಜಾಗ ಹತ್ತುವಾಗಲೇ ಹೇಳಿರಬೇಕು. ಒಂದು ಮನೆಗೆ ಒಂದು ಹೊತ್ತಿಗೆ ಒಂದೇ ಬಂಡಿ ಎಂಬುದು ನಿಯಮ. ಅಪಘಾತವೆಂಬ ಪದವನ್ನು ನಮ್ಮ ಮಕ್ಕಳು ಪಾಠದಲ್ಲಿ ಮಾತ್ರ ಓದಿದ್ದಾರೆ. ಇದನ್ನು ನಾನು ಹಳಿಯುತ್ತಿಲ್ಲ. ನಮ್ಮ ಮನೆತನದ ಹಿರಿಯನೊಬ್ಬ ಹಿಂದೆ ದುರ್ಗದಿಂದ ಹಿರಿಯೂರಿಗೆ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದನಂತೆ, ಆ ರಸ್ತೆಯಲ್ಲೇ ಜೀವ ಬಿಟ್ಟನಂತೆ.

ನೀವು ಹಳೆಯ ಕಾರುಗಳ ಬಗ್ಗೆ ಬಾಯಿ ಚಪ್ಪರಿಸಿಕೊಂಡು ಬರೆದದ್ದೆಲ್ಲ ನಮ್ಮಲ್ಲಿ ಉಳಿದುಬಂದಿದೆ. ಅಂಬಾಸಿಡರ್ ಹೊಸ ರೂಪದಲ್ಲಿ ಮತ್ತೆ ಬರಬೇಕು, ಪದ್ಮಿನಿ ಬರಬೇಕು, ಕಾಂಟೆಸ್ಸಾ ಬರಬೇಕು ಎಂದು ನೀವು ಹಂಬಲಿಸಿದ್ದೀರಿ. ನಿಮ್ಮ ಆಸೆ ಈಡೇರಿದೆ. ಮರುಹುಟ್ಟು ಮಂಡಳಿ ಎಂದೊಂದಿದೆ, ಅದು ನಿಮ್ಮ ಬರಹ ಮತ್ತು ಚಿತ್ರಗಳನ್ನು ಮುಂದಿಟ್ಟುಕೊಂಡು ಊರಿಗೊಂದರಂತೆ ಆ ಕಾರುಗಳನ್ನು ಮಾಡಿ ಕಳಿಸಿತು. ದುರ್ಗಕ್ಕೆ ಬಂದದ್ದು ಬಿಳಿ ಅಂಬಾಸಿಡರ್. ನೀವು ಹೊಗಳಿದ್ದೆಲ್ಲ ಅದರಲ್ಲಿತ್ತು. ದುಂಡನೆಯ ದೀಪ, ಉಬ್ಬಿದ ಬಾನೆಟ್ಟು, ಮೂವರು ಒತ್ತಿಕೊಂಡು ಕೂರಬಹುದಾದ ಮುಂದಿನ ಸೀಟು. ಬಿಸಿಲಿಗೆ ಕಾದ ರೆಕ್ಸಿನ್ ವಾಸನೆಯನ್ನೂ ಯಾವುದೋ ಶೀಶೆಯಿಂದ ಬಿಡುತ್ತಿದ್ದರು. ಹಾರನ್ ಕೂಗುತ್ತಿತ್ತು. ಸ್ಟೇರಿಂಗೂ ಇತ್ತು, ಎರಡೂ ಕಡೆ ತಿರುಗುತ್ತಿತ್ತು. ಅದನ್ನು ಯಾವುದಕ್ಕೂ ಜೋಡಿಸಿರಲಿಲ್ಲ ಅಷ್ಟೆ. ಒಳಗಿದ್ದದ್ದು ಅದೇ ಹರಿಬಂಡಿಯ ಬುದ್ಧಿ, ಮೇಲೆ ಅಂಬಾಸಿಡರಿನ ಅಂಗಿ.

ನನ್ನ ಅವ್ವ ಬೋರಕ್ಕ ಮತ್ತು ದೊಡ್ಡವ್ವ ಕೆಂಚವ್ವ ಚಿಕ್ಕವರಿದ್ದಾಗ ಮಂಚದ ಮೇಲೆ ಅಂಬಾಸಿಡರ್ ಆಟ ಆಡುತ್ತಿದ್ದರಂತೆ. ಊಟದ ತಟ್ಟೆಯೇ ಸ್ಟೇರಿಂಗು. ಅದು ಯಾವಾಗಲೂ ದೊಡ್ಡವ್ವನ ಕೈಯಲ್ಲೇ. ಅವ್ವ ಹಿಂದೆ ಕೂತು ಐಮಂಗಲ, ಹಿರಿಯೂರು ಎಂದು ಊರು ಕೂಗಬೇಕು. ಒಂದು ದಿನವೂ ತಟ್ಟೆ ಕೊಡಲಿಲ್ಲ ಎಂದು ತೊಂಬತ್ತು ದಾಟಿದ ಮೇಲೂ ಅವ್ವ ಮೂತಿ ಉಬ್ಬಿಸುತ್ತಿದ್ದಳು. ಮದುವೆಯಾಗಿ ಹಿರಿಯೂರು ಸೇರಿದ್ದ ದೊಡ್ಡವ್ವ ಅದನ್ನು ಕೇಳಿ ನಕ್ಕು, ನಿನಗೆ ತಿರುವು ತಿಳಿಯಲ್ಲ ಕಣೆ, ಮೋರಿಗೆ ಬೀಳಿಸ್ತೀಯ, ಎನ್ನುತ್ತಿದ್ದಳು.

ಹೊಸ ಅಂಬಾಸಿಡರ್ ಒಂದು ದಿನದ ಮಟ್ಟಿಗೆ ಒಂದೊಂದು ಮನೆಗೆ ಸಿಗುತ್ತಿತ್ತು. ನಮ್ಮ ಸರದಿ ಬರಲು ಮೂರು ವರ್ಷ ಕಾದೆವು. ಸರದಿಯ ದಿನ ಕಾರು ಬಂದು ಬಾಗಿಲಲ್ಲಿ ನಿಂತಿತ್ತು, ಅಷ್ಟರಲ್ಲಿ ಹಿರಿಯೂರಿನಿಂದ ಸುದ್ದಿ. ದೊಡ್ಡವ್ವನಿಗೆ ಉಸಿರು ಏರಿಬಿಟ್ಟಿದೆ, ತಂಗಿಯನ್ನು ಕೇಳುತ್ತಿದ್ದಾಳೆ, ಬೇಗ ಬನ್ನಿ. ಗಾಡಿ ಬಾಗಿಲಿಗೇ ಬಂದಿದೆಯಲ್ಲ, ದೇವರೇ ಕಳಿಸಿದ, ಎಂದುಕೊಂಡೆವು.

ಅವ್ವ ಹತ್ತಲಿಲ್ಲ. ಸಾವಿನ ಮನೆಯ ಹಾದಿ, ಪೂಜೆ ಮಾಡದ ಗಾಡಿ, ಚಕ್ರಕ್ಕೆ ನಿಂಬೆಹಣ್ಣು ಇಡದೆ ನಾನು ಕಾಲಿಡಲ್ಲ, ಎಂದು ನಿಂತಳು. ಹರಿಬಂಡಿಗೆ ಚಕ್ರವೇ ಕಾಣದ್ದರಿಂದ ಆ ಪದ್ಧತಿ ನಿಂತು ತಲೆಮಾರುಗಳೇ ಕಳೆದಿವೆ. ಆಯುಧಪೂಜೆಯಲ್ಲಿ ಮಕ್ಕಳ ಆಟದ ಗಾಡಿಗೆ ಇಟ್ಟು ಹಿಸುಕುವುದಷ್ಟೇ ಉಳಿದಿತ್ತು. ಕಣ್ಣಿಗೆ ಕಾಣುವ ನಾಲ್ಕು ಚಕ್ರ ಎದುರಿಗೆ ಬಂದಾಗ ಬೀದಿಯವರಿಗೆಲ್ಲ ಉತ್ಸಾಹ ಬಂತು. ಒಬ್ಬರು ಕುಂಕುಮ ತಂದರು, ಒಬ್ಬರು ಹೂವು ತಂದರು, ಪಕ್ಕದ ಮನೆಯ ಗಾದ್ರಪ್ಪ ತನ್ನ ಗಿಡದ ನಿಂಬೆಹಣ್ಣು ಕಿತ್ತು ತಂದು ತಾನೇ ಬಗ್ಗಿ ಚಕ್ರಗಳ ಕೆಳಗೆ ಒತ್ತಿಟ್ಟ. ಅವ್ವನನ್ನು ಸ್ಟೇರಿಂಗಿನ ಮುಂದೆ ಕೂರಿಸಿದೆವು. ನಾನು ಪಕ್ಕದಲ್ಲಿ ಕೂತು ಹಿರಿಯೂರು ಎಂದೆ.

ಕಾರು ಕದಲಲಿಲ್ಲ. ಚಕ್ರದಡಿ ಏನೋ ಸಿಕ್ಕಿದೆ, ಜೀವವಿರಬಹುದು, ಎಂದಿತು. ಗಾದ್ರಪ್ಪ ಹಣ್ಣು ತೆಗೆದ. ಆಗಲೂ ಕದಲಲಿಲ್ಲ. ತೆಗೆದದ್ದು ಏನು, ಅದಕ್ಕೆ ನೋವಾಗಿದೆಯೇ ಎಂಬುದನ್ನು ಮಂಡಳಿ ವಿಚಾರಿಸಬೇಕಂತೆ, ಅಲ್ಲಿಯವರೆಗೆ ಕಾಯಬೇಕಂತೆ. ನಾನು ಹೇಳಿದೆ, ಕಿರುಚಿದೆ, ಹಣ್ಣನ್ನು ಹೆಚ್ಚಿ ಅದರ ದೀಪದ ಮುಂದೆ ಹಿಡಿದೆ. ಸಹಕಾರಕ್ಕೆ ಧನ್ಯವಾದ ಎಂದಿತು. ಹರಿಬಂಡಿ ಕರೆದರೆ ಬರಲಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ನಮ್ಮ ಮನೆಯವರು ಆಗಲೇ ಪ್ರಯಾಣದಲ್ಲಿದ್ದರು. ಗಾದ್ರಪ್ಪ ತನ್ನ ಹೆಸರಲ್ಲಿ ಕರೆದ ಬಂಡಿ ಬಂದು, ನಮ್ಮನ್ನು ಕಂಡು ಬಾಗಿಲು ತೆಗೆಯದೆ ಹೋಯಿತು. ಹಿಂದೆಲ್ಲ ಗಾಡಿ ನಿಂತರೆ ಜನ ಸೇರಿ ತಳ್ಳುತ್ತಿದ್ದರಂತೆ. ಬೀದಿಯವರು ಅದನ್ನೂ ಮಾಡಿದರು. ಬೆವರು ಕಿತ್ತುಬಂತು, ಕಾರು ಒಂದು ಗೇಣೂ ಜರುಗಲಿಲ್ಲ. ಕೊನೆಗೆ ಎಲ್ಲರೂ ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕೂತರು. ನನಗೆ ಅಳು ಬಂತು.

ಮಧ್ಯಾಹ್ನದ ಹೊತ್ತಿಗೆ ಹಿರಿಯೂರಿನವರು ದೊಡ್ಡವ್ವನ ದನಿಯನ್ನು ಕಾರಿನೊಳಕ್ಕೆ ಕಳಿಸಿದರು. ಎಲ್ಲಿದೀಯೆ, ಎಂದು ಕೇಳಿದ್ದು ಬಹಳ ಸಣ್ಣಗೆ ಕೇಳಿಸಿತು. ನಾನು ನಿಜ ಹೇಳಲು ಬಾಯಿ ತೆರೆದೆ. ಅವ್ವ ನನ್ನ ತೊಡೆ ಗಿಲ್ಲಿ ಸುಮ್ಮನಾಗಿಸಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಳು.

“ಹೊರಟ್ವಿ ಕಣಕ್ಕ, ಅಂಬಾಸಿಡರ್‌ನಾಗೆ ಬರ್ತಾ ಇದೀನಿ. ನಾನೇ ಓಡಿಸ್ತಿರಾದು,” ಎಂದಳು.

ಆಮೇಲೆ ಅವ್ವ ಇಡೀ ರಸ್ತೆಯನ್ನು ಹೇಳಿದಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿವೆ ಎಂದಳು, ಐಮಂಗಲ ಬಂತು ಎಂದಳು, ಅಡ್ಡ ಬಂದ ಕುರಿಗಳಿಗೆ ಹಾರನ್ ಹೊಡೆದಳು. ಬಾಗಿಲಲ್ಲಿ ನಿಂತಿದ್ದ ಗಾದ್ರಪ್ಪನ ಕಣ್ಣು ತುಂಬಿತು. ತಿರುವು ಬಂದಲ್ಲೆಲ್ಲ ಅವ್ವ ಮೈಯನ್ನೂ ವಾಲಿಸಿ ಸ್ಟೇರಿಂಗ್ ತಿರುಗಿಸುತ್ತಿದ್ದಳು. ಅದು ಬರಿದೇ ತಿರುಗುತ್ತಿತ್ತು. ವೇದಾವತಿ ಸೇತುವೆ ದಾಟಿದ್ವಿ, ನಿಮ್ಮ ಬೀದಿಗೆ ಬಂದ್ವಿ ಎಂದಾಗ ಆ ಕಡೆಯಿಂದ ದೊಡ್ಡವ್ವ ಮಾತಾಡಿದಳು.

“ಮೆಲ್ಲಕೆ ತಿರುಗ್ಸೆ. ಬಾಗಿಲ ಹತ್ರ ಮೋರಿ ಐತೆ.”

ಅವ್ವ ಮೆಲ್ಲಗೆ ತಿರುಗಿಸಿದಳು. ಬಂದೆ ಕಣಕ್ಕ, ಎಂದಳು. ಅಲ್ಲಿಂದ ಮತ್ತೆ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡವ್ವನ ಮಗ ದನಿ ತೆಗೆದು ಅತ್ತದ್ದು ಕೇಳಿಸಿತು.

ಸಂಜೆ ಮಂಡಳಿಯ ತೀರ್ಮಾನ ಬಂತು. ನಿಂಬೆಹಣ್ಣು ಜೀವಿಯಲ್ಲ, ಅಡಚಣೆಗೆ ವಿಷಾದಿಸುತ್ತೇವೆ. ಕಾರು ತಾನಾಗಿ ಹೊರಟಿತು. ಗಾಳಿಯಂತ್ರಗಳು ಬಂದವು, ಐಮಂಗಲ ಬಂತು, ಸೇತುವೆ ಬಂತು. ಅವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸ್ಟೇರಿಂಗ್ ಅವಳೆದುರು ತನ್ನ ಪಾಡಿಗೆ ಅಲುಗಾಡುತ್ತಿತ್ತು. ಹಿರಿಯೂರಿನ ಮನೆಯ ಮುಂದೆ ಕಾರು ಮೋರಿಗೆ ಒಂದು ಕೂದಲೆಳೆಯೂ ತಾಗದಂತೆ ನಿಂತಿತು.

ಅವ್ವ ಇಳಿಯಲು ಬಹಳ ಹೊತ್ತು ಮಾಡಿದಳು. ಅಂದಿನಿಂದ ಅವಳು ಯಾವ ಬಂಡಿಯನ್ನೂ ಹತ್ತಿಲ್ಲ, ನಾನು ಒತ್ತಾಯಿಸಿಲ್ಲ. ಸ್ಟೇರಿಂಗನ್ನು ನಿಜವಾಗಿ ಜೋಡಿಸಿಕೊಡಿ ಎಂದು ಮಂಡಳಿಗೆ ಬರೆದೆ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವುದು ಯಾರಿಗೂ ಗೊತ್ತಿಲ್ಲವಂತೆ, ಅದರ ಬಗ್ಗೆ ಹಿಂದಿನವರು ಏನನ್ನೂ ಬರೆದಿಟ್ಟಿಲ್ಲವಂತೆ. ಅದಕ್ಕೇ ಮನೆಯ ಒಂದೇ ಕಾಗದವನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ. ಹಳೆಯ ಕಾರು ಮತ್ತೆ ಬರಲಿ ಎಂದು ಬರೆಯುವಾಗ ಅದರ ದೀಪ, ಉಬ್ಬು, ಬಣ್ಣ ಹೊಗಳಿ ಸುಮ್ಮನಾಗಬೇಡಿ. ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತಿತ್ತು ಎಂಬುದನ್ನೂ ಬರೆಯಿರಿ. ಅದು ನಿಮಗೆ ದಿನಾ ಕಾಣುವುದರಿಂದ ಬರೆಯಬೇಕೆಂದು ಅನ್ನಿಸುವುದಿಲ್ಲ, ನನಗೆ ಗೊತ್ತು.

ನೀವು ಬರೆದರೂ ನಮಗೆ ತಲುಪುವುದಿಲ್ಲ ಎಂದು ಅಂಚೆಯವರು ಹೇಳುತ್ತಾರೆ. ಇರಲಿ. ನಿಮ್ಮ ಬಾಗಿಲಲ್ಲಿ ಇವತ್ತು ಗಾಡಿ ನಿಂತಿದ್ದರೆ, ನಿಮ್ಮ ಅಕ್ಕ ದೂರದ ಊರಲ್ಲಿದ್ದರೆ, ಈ ಕಾಗದ ಕೆಳಗಿಟ್ಟು ಹೊರಡಿ. ನಿಂಬೆಹಣ್ಣು ಇಟ್ಟೇ ಹೊರಡಿ, ನಿಮ್ಮ ಚಕ್ರ ಅದನ್ನು ತುಳಿದು ಮುಂದೆ ಹೋಗುತ್ತದೆ.

ಇಂತಿ,
ಬೋರಕ್ಕನ ಮಗಳು ತಿಪ್ಪಕ್ಕ